ಹೋರಿಗೆ ತಾಲೀಮು ಬೇಕು, ಹೋರಾಟಕ್ಕೆ ಬೇಡವಾ?

ಈ ವಾರ ಗೋವಿನಜೋಳದ ರೇಟೂ ಇಲ್ಲ, ಹತ್ತಿಯ ರೋಗವೂ ಇಲ್ಲ. ಅವು ಮುಂದಿನ ವಾರಕ್ಕಿರಲಿ. ಗುಡ್ಡದ ವಿಷಯ ಬರೀಬೇಕಾಗಿದೆ.

ನಮ್ಮ ಗೋಮಾಳದ ಗುಡ್ಡವನ್ನು ಕಲ್ಲು ಕ್ವಾರಿಗೆ ಕೊಡೋ ಮಾತು ನಡೆದಿರೋದು ಎಲ್ಲರಿಗೂ ಗೊತ್ತು. ಹಳ್ಳ ಹುಟ್ಟೋದು ಆ ಗುಡ್ಡದ ಇಳಿಜಾರಲ್ಲಿ, ಕೆರೆ ತುಂಬೋದು ಆ ಹಳ್ಳದಿಂದ, ಕೆರೆ ತುಂಬಿದರಷ್ಟೇ ಕೆಳಗಿನ ಬೋರುಗಳಿಗೆ ನೀರು. ಇದರಲ್ಲಿ ತಕರಾರಿಲ್ಲ. ವಿರೋಧ ಮಾಡಬೇಕು ಅನ್ನೋದರಲ್ಲೂ ತಕರಾರಿಲ್ಲ. ತಕರಾರು ಎದ್ದಿದ್ದು ಮೊನ್ನೆ ಕಟ್ಟೆ ಮೇಲೆ, ರಸ್ತೆಗೆ ಇಳಿಯೋ ಮೊದಲು ಎಲ್ಲರೂ ಸೇರಿ ತಾಲೀಮು ಮಾಡೋಣ ಅಂತ ನಾನಂದಾಗ. ಒಬ್ಬ ಹಿರಿಯರು ನಕ್ಕುಬಿಟ್ಟರು: "ರಸ್ತೆದಾಗ ಕುಂದ್ರಾಕ ಟ್ರೇನಿಂಗ್ ಯಾಕೋ ತಮ್ಮಾ? ಹುಟ್ಟಿದಾಗಿಂದ ಕುಂತೇ ಬಂದೀವಿ." ಹಿಂದಿನಿಂದ ಇನ್ನೊಬ್ಬ ಹುಡುಗ, "ಅಣ್ಣಾ, ಎರಡು ಟೈರ್ ಸುಟ್ಟರ ತಾನ ಬರ್ತಾರ ಸಾಹೇಬ್ರು." ಅಲ್ಲಿ ಗದ್ದಲದಲ್ಲಿ ಉತ್ತರ ಕೊಡೋಕೆ ಆಗಲಿಲ್ಲ. ಇಲ್ಲಿ ಕೊಡ್ತೀನಿ, ಇಬ್ಬರಿಗೂ.

ನಮ್ಮ ಜಿಲ್ಲೆಯವರಿಗೆ ತಾಲೀಮು ಅಂದರೇನು ಅಂತ ನಾನು ಹೇಳಬೇಕಾ? ಹೋರಿ ಹಬ್ಬ ನೋಡಿ. ದೀಪಾವಳಿಗೆ ಒಂದು ಹೋರಿ ಬಿಡಬೇಕು ಅಂದರೆ ಎಷ್ಟು ತಿಂಗಳ ತಯಾರಿ! ಹಿಂಡಿ, ಹುರುಳಿ, ಮೊಟ್ಟೆ, ಹಾಲು. ಬೆಳಿಗ್ಗೆ ಕೆರೆಯಲ್ಲಿ ಈಜು, ಸಂಜೆ ಓಟ. ಜನರ ಕೇಕೆಗೆ, ಪಟಾಕಿ ಸದ್ದಿಗೆ ಬೆದರದ ಹಾಗೆ ರೂಢಿ ಮಾಡಿಸ್ತೀವಿ. ಕೊರಳಲ್ಲಿ ಕೊಬ್ಬರಿ ಸರ ಕಟ್ಟಿದಾಗ ಅದು ಯಾರನ್ನೂ ನೋಡದೆ ನೆಟ್ಟಗೆ ಓಡಬೇಕು. ನಾಲ್ಕು ನಿಮಿಷದ ಓಟಕ್ಕೆ ಇಷ್ಟೆಲ್ಲ. ದೊಡ್ಡಾಟ ಕಟ್ಟೋಕೆ ಎರಡು ತಿಂಗಳು ರಾತ್ರಿ ನಿದ್ದೆಗೆಟ್ಟು ತಾಲೀಮು ಮಾಡ್ತೀವಿ. ಆದರೆ ಊರಿನ ನೀರು ಉಳಿಸೋಕೆ ಮಾತ್ರ ಬೆಳಿಗ್ಗೆ ಎದ್ದು, ಹಸಿರು ಟವೆಲ್ ಹೆಗಲಿಗೆ ಹಾಕಿ, ಟ್ರ್ಯಾಕ್ಟರ್ ಹತ್ತಿದರೆ ಸಾಕು ಅಂತೀವಿ.

ಹಾಗೆ ಹೋದರೆ ಆಗೋದು ಎರಡರಲ್ಲೊಂದು. ಮೊದಲನೇದು: ಹನ್ನೊಂದಕ್ಕೆ ಸೇರ್ತೀವಿ, ಒಂದು ಗಂಟೆಗೆ ಬಿಸಿಲು ನೆತ್ತಿಗೆ ಬರುತ್ತೆ, ಮೂರಕ್ಕೆ ಯಾರೋ ಸಾಹೇಬರು ಬಂದು ಮನವಿ ಇಸಕೊಂಡು "ಮೇಲಿನವರ ಗಮನಕ್ಕೆ ತರ್ತೀನಿ" ಅಂತಾರೆ. ಮುಂದಿನ ಸಾಲಿನ ಆರು ಜನ ಫೋಟೊದಲ್ಲಿ ಬರ್ತಾರೆ. ಹಾಲು ಹಿಂಡೋ ಹೊತ್ತಿಗೆ ಮನೆ. ಎರಡನೇದು: ಒಬ್ಬ ಕಲ್ಲು ಎಸೀತಾನೆ. ಅವನು ಯಾವ ಊರವನು ಅಂತಲೂ ಎಷ್ಟೋ ಸಲ ಗೊತ್ತಿರೋದಿಲ್ಲ. ಮರುದಿನ ಪೇಪರಿನಲ್ಲಿ ಕಲ್ಲು ಇರುತ್ತೆ, ಕ್ವಾರಿ ಇರೋದಿಲ್ಲ. ಮುಂದಿನ ಏಳೆಂಟು ವರ್ಷ ಕೋರ್ಟಿನ ತಾರೀಕು. ತಾರೀಕಿಗೆ ಹೋಗಿ ಬರೋಕೆ ಆಡು ಮಾರಿದ ತಂದೆಯರನ್ನ ನಾನು ನೋಡೀನಿ.

ರೈತರ ರಕ್ತ ನಮ್ಮ ಸೀಮೆಗೆ ಹೊಸದಲ್ಲ. 1980ರ ಜುಲೈ 21, ನರಗುಂದ, ನವಲಗುಂದ. ಆ ದಿನ ರೈತರ ಜೀವವೂ ಹೋಯಿತು, ಪೊಲೀಸರ ಜೀವವೂ ಹೋಯಿತು. 2008ರ ಜೂನ್ 10, ಹಾವೇರಿ. ಗೊಬ್ಬರ ಕೇಳೋಕೆ ನಿಂತವರ ಮೇಲೆ ಗುಂಡು. ತಾಲೀಮು ಇದ್ದಿದ್ದರೆ ಗುಂಡು ಹಾರುತ್ತಿರಲಿಲ್ಲ ಅಂತ ನಾನು ಹೇಳ್ತಿಲ್ಲ. ಅಂಥ ಮಾತು ಸತ್ತವರಿಗೆ ಅವಮಾನ. ಗುಂಡು ಹೊಡೆದವರ ತಪ್ಪು ಹೊಡೆದವರದ್ದೇ. ನಾನು ಹೇಳೋದು ಇಷ್ಟೇ: ಜೀವ ಹೋಗಬಹುದಾದ ಕಡೆಗೆ ತಯಾರಿಯಿಲ್ಲದೆ ಜನರನ್ನು ಕರಕೊಂಡು ಹೋಗೋ ಮುಖಂಡನಿಗೆ ನಾಚಿಕೆ ಆಗಬೇಕು.

ಈಗ ಮೋಟೆಬೆನ್ನೂರಿಗೆ ಬರ್ತೀನಿ. ಮೈಲಾರ ಮಹಾದೇವಪ್ಪನ ಹೆಸರು ಗೊತ್ತಿಲ್ಲದವರು ನಮ್ಮ ಜಿಲ್ಲೆಯಲ್ಲಿ ಇಲ್ಲ. ಶಾಲೆಯಲ್ಲಿ ಭಾಷಣ, ವರ್ಷಕ್ಕೊಂದು ಹಾರ. 1930ರ ದಂಡಿ ಯಾತ್ರೆಗೆ ಗಾಂಧೀಜಿ ಜೊತೆ ಹೊರಟ ಒಬ್ಬನೇ ಕನ್ನಡಿಗ, ಆಗಿನ್ನೂ 18 ವರ್ಷದ ಹುಡುಗ ಅಂತ ಹೇಳ್ತಾರೆ, ಚಪ್ಪಾಳೆ ತಟ್ತೀವಿ. ಅವನನ್ನೇ ಯಾಕೆ ಆರಿಸಿದರು ಅಂತ ಯಾರೂ ಕೇಳೋದಿಲ್ಲ. ದೇಶದಲ್ಲಿ ಉತ್ಸಾಹ ಇದ್ದ ಹುಡುಗರು ಲಕ್ಷ ಇದ್ದರು. ಮೊದಲ ತಂಡಕ್ಕೆ ಗಾಂಧೀಜಿ ತಗೊಂಡಿದ್ದು ಎಂಬತ್ತರ ಒಳಗೆ ಜನ, ಅವರೆಲ್ಲ ಸಾಬರಮತಿ ಆಶ್ರಮದ ಶಿಸ್ತಿನಲ್ಲಿ ಪಳಗಿದವರು. ಹೊತ್ತಿಗೆ ಏಳೋದು, ನೂಲೋದು, ದಿನಚರಿ ಬರೆಯೋದು, ಹೇಳಿದ ಮಾತು ಕೇಳೋದು. 385 ಕಿಲೋಮೀಟರ್, ಮಾರ್ಚ್ 12ರಿಂದ ಏಪ್ರಿಲ್ 6. ಮುಂದಿನ ಊರಲ್ಲಿ ಊಟ, ನೀರು, ಮಲಗೋ ಜಾಗ ನೋಡೋಕೆ ಗುಜರಾತ್ ವಿದ್ಯಾಪೀಠದ ಹುಡುಗರ ಒಂದು ತಂಡ ಮೊದಲೇ ಹೋಗಿರ್ತಿತ್ತು. ಹೊರಡೋ ಮುನ್ನ ವೈಸರಾಯನಿಗೇ ಪತ್ರ ಬರೆದು, ಕಾನೂನು ಮುರೀತೀವಿ ಅಂತ ತಿಳಿಸಿದ್ದರು. ನಾವು ಒಂದು ಚಿಟಿಕೆ ಉಪ್ಪು ಮಾತ್ರ ನೆನಪಿಟ್ಟುಕೊಂಡೀವಿ.

ಈ ವಿದ್ಯೆ ನಮ್ಮಿಂದ ಕಲಿತು ಹೋದವರು ಅದನ್ನ ಹೇಗೆ ಬೆಳೆಸಿದರು ನೋಡಿ. ಜೇಮ್ಸ್ ಲಾಸನ್ ಅಂತ ಅಮೆರಿಕದ ಕರಿಯ ಪಾದ್ರಿ. 1953ರಿಂದ ಮೂರು ವರ್ಷ ನಾಗಪುರದ ಹಿಸ್ಲಾಪ್ ಕಾಲೇಜಿನಲ್ಲಿದ್ದು ಗಾಂಧಿಯನ್ನು ಓದಿದವರು. ವಾಪಸ್ ಹೋಗಿ ನ್ಯಾಶ್ವಿಲ್ ಅನ್ನೋ ಊರಲ್ಲಿ, ಚರ್ಚಿನಲ್ಲಿ ಕಾಲೇಜು ಹುಡುಗ ಹುಡುಗಿಯರಿಗೆ ತಾಲೀಮು ಶುರು ಮಾಡಿದರು. ಅಲ್ಲಿನ ಅಂಗಡಿಗಳ ತಿಂಡಿ ಕೌಂಟರಿನಲ್ಲಿ ಕರಿಯರು ಕೂರೋ ಹಾಗಿರಲಿಲ್ಲ. ಕೆಲವರು ಕುರ್ಚಿ ಮೇಲೆ ಕೂರೋದು, ಉಳಿದವರು ಬಿಳಿಯರ ಪಾತ್ರ ಮಾಡಿ ಅವರನ್ನ ಬೈಯೋದು, ತಳ್ಳೋದು, ಮುಖಕ್ಕೆ ಸಿಗರೇಟಿನ ಹೊಗೆ ಬಿಡೋದು. ಹೀಗೆ ತಿಂಗಳುಗಟ್ಟಲೆ. 1960ರ ಫೆಬ್ರುವರಿಯಲ್ಲಿ ನಿಜವಾಗಿ ಹೋಗಿ ಕೂತಾಗ ಒಂದು ತಂಡವನ್ನ ಪೊಲೀಸರು ಎಳಕೊಂಡು ಹೋದರೆ ಇನ್ನೊಂದು ತಂಡ ಬಂದು ಅದೇ ಜಾಗದಲ್ಲಿ ಕೂತಿತು. ಮೇ ತಿಂಗಳಲ್ಲಿ ಅಂಗಡಿಯವರು ಬಗ್ಗಿದರು. ನಾಗಪುರದಿಂದ ಅಷ್ಟು ದೂರ ಹೋದ ವಿದ್ಯೆ, ಇಷ್ಟು ಹತ್ತಿರ ಇರೋ ನಮ್ಮ ಕಟ್ಟೆಗೆ ಬರೋದಿಲ್ಲ ಅಂದರೆ ಹೇಗೆ?

ಬರೋದಿಲ್ಲ ಅನ್ನೋದೂ ಸುಳ್ಳು. ಇಲ್ಲೇ ಹಾನಗಲ್ ತಾಲೂಕಿಗೆ ಬಂದಿತ್ತು. ನಲವತ್ತು ದಾಟಿದವರಿಗೂ ನೆನಪಿಲ್ಲ ಅನ್ನೋದೇ ನನಗೆ ಸಿಟ್ಟು. 1984ರಲ್ಲಿ ರಾಜ್ಯ ಸರ್ಕಾರ ಹರಿಹರ ಪಾಲಿಫೈಬರ್ಸ್ ಜೊತೆ ಸೇರಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಅಂತ ಒಂದು ಕಂಪನಿ ಮಾಡಿತು. ಸುಮಾರು 75,000 ಎಕರೆ ಸರ್ಕಾರಿ ಜಮೀನಿನಲ್ಲಿ ಆ ಕಾರ್ಖಾನೆಗೆ ಬೇಕಾದ ನೀಲಗಿರಿ ಹಚ್ಚೋ ಯೋಜನೆ. ಸರ್ಕಾರಿ ಅಂದರೆ ಖಾಲಿ ಅಂತ ಅವರ ಲೆಕ್ಕ. ಆ ಜಾಗದಲ್ಲಿ ದನ ಮೇಯ್ತಿದ್ದವು, ಹೆಣ್ಮಕ್ಕಳು ಕಟ್ಟಿಗೆ ತರ್ತಿದ್ದರು. ನೀಲಗಿರಿ ಎಲೆಗೆ ದನ ಬಾಯಿ ಹಾಕೋದಿಲ್ಲ. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಊರೂರು ತಿರುಗಿ ಜನರನ್ನ ಸೇರಿಸಿತು. ಶಿವರಾಮ ಕಾರಂತರೂ ಅರ್ಜಿದಾರರಾಗಿ ಸುಪ್ರೀಂ ಕೋರ್ಟಿಗೆ ಹೋದರು. ಅದರ ಜೊತೆಗೇ 1987ರ ನವೆಂಬರ್ 14ರಂದು ಕುಸನೂರಿನಲ್ಲಿ ಸತ್ಯಾಗ್ರಹ ನಡೆಯಿತು. ಹೆಸರು ಕಿತ್ತಿಕೋ ಹಚ್ಚಿಕೋ.

ಆ ಹೆಸರನ್ನ ಸ್ವಲ್ಪ ಬಾಯಲ್ಲಿ ಆಡಿಸಿ ನೋಡಿ. ಬೇರೆ ಕಡೆಯವರಿಗೆ ಹಚ್ಚೋದು ಅಂದರೆ ದೀಪ, ಬೆಂಕಿ. ನಮಗೆ ಹಚ್ಚೋದು ಅಂದರೆ ಸಸಿ. ಸುಮಾರು ಎರಡು ಸಾವಿರ ಜನ ಸೇರಿದ್ದರು. ಅಷ್ಟು ಜನ ಮನಸ್ಸು ಮಾಡಿದ್ದರೆ ಒಂದು ತಾಸಿನಲ್ಲಿ ಇಡೀ ನೆಡುತೋಪು ಬಯಲು. ಕಿತ್ತಿದ್ದು ನೂರರಷ್ಟು ನೀಲಗಿರಿ ಮಾತ್ರ. ಕಿತ್ತ ಜಾಗದಲ್ಲಿ ಹಣ್ಣಿಗೆ, ಮೇವಿಗೆ ಆಗೋ ಸಸಿ ಹಚ್ಚಿದರು. ಇದಕ್ಕೆ ಮೊದಲು ಹಾನಗಲ್ಲಿನಲ್ಲಿ ಶಿಬಿರ ಆಗಿತ್ತು, ಅಹಿಂಸೆಯಿಂದ ಹೇಗೆ ನಡಕೊಳ್ಳಬೇಕು ಅಂತ. ಗಿಡಕ್ಕೆ ಕೈ ಹಾಕೋ ಮುನ್ನ ಚಿಪ್ಕೊ ಚಳವಳಿಯ ಚಂಡೀಪ್ರಸಾದ ಭಟ್ಟರು ಎಲ್ಲರಿಂದ ಪ್ರತಿಜ್ಞೆ ಮಾಡಿಸಿದರು. ನೂರಕ್ಕೆ ಕೈ ನಿಲ್ಲಿಸೋದು ಸುಮ್ಮನೆ ಬರೋ ಗುಣ ಅಲ್ಲ ಸ್ವಾಮಿ. ಎರಡು ಸಾವಿರ ಜನರ ಸಿಟ್ಟು ನೂರು ಗಿಡಕ್ಕೆ ನಿಲ್ಲಬೇಕು ಅಂದರೆ ಯಾರೋ ಮೊದಲೇ ಕೂತು ಲೆಕ್ಕ ಹಾಕಿರಬೇಕು. ಸಸಿ ಎಲ್ಲಿಂದ ಬಂತು, ಗಾಡಿ ಯಾರದ್ದು, ಸಾಲು ಹೇಗೆ ನಿಲ್ಲೋದು. ಅವರನ್ನ ಪುಂಡರು ಅಂತ ಕರೆಯೋದು ಹೇಗೆ, ಕೈಯಲ್ಲಿ ಸಸಿ ಇದ್ದಾಗ? ನಾಲ್ಕು ವರ್ಷ ಕೋರ್ಟು, ಬೀದಿ ಎರಡೂ ನಡೆದು, 1991ರಲ್ಲಿ ಸರ್ಕಾರ ಆ ಕಂಪನಿಯನ್ನೇ ಮುಚ್ಚೋ ತೀರ್ಮಾನಕ್ಕೆ ಬಂತು.

ಅದಕ್ಕಿಂತ ನಾಲ್ಕು ವರ್ಷ ಮೊದಲು, 1983ರ ಸೆಪ್ಟೆಂಬರಿನಲ್ಲಿ, ಶಿರಸಿಯ ಸಾಲ್ಕಣಿ ಕಡೆಯ ಜನ ಕಳಾಸೆ ಕಾಡಿನಲ್ಲಿ ಮರ ಅಪ್ಪಿ ನಿಂತಿದ್ದರು. ಅಪ್ಪಿಕೊ. 38 ದಿನ, ಅದೂ ಮಳೆಯಲ್ಲಿ, ಜಿಗಣೆಯಲ್ಲಿ. ಒಂದು ದಿನ ಅಪ್ಪೋದು ಯಾರಿಗೂ ಬರುತ್ತೆ. 38 ದಿನಕ್ಕೆ ಪಾಳಿ ಹಾಕೋಕೆ ತಲೆ ಬೇಕು.

"ಅಹಿಂಸೆ ಅಂದರೆ ಕೈ ಮುಗಿದು ಮನವಿ ಕೊಡೋದು" ಅನ್ನೋರಿಗೆ ಕಾಗೋಡು ನೆನಪು ಮಾಡ್ತೀನಿ. 1951ರ ಏಪ್ರಿಲ್, ಸಾಗರ ತಾಲೂಕು. ಗೇಣಿ ರೈತರು ದಿನಾ ಒಂದೊಂದು ತಂಡವಾಗಿ ಒಡೆಯರ ಹೊಲಕ್ಕೆ ಇಳಿಯೋದು, ಪೊಲೀಸರು ಹಿಡಿಯೋದು, ಮರುದಿನ ಇನ್ನೊಂದು ತಂಡ. ಜೂನಿನಲ್ಲಿ ಲೋಹಿಯಾ ಬಂದು ತಾವೂ ಬಂಧನವಾದರು. ಅದು ಮನವಿ ಅಲ್ಲ. ಎದುರಿಗಿರೋನ ಕೆಲಸ ನಿಲ್ಲಿಸೋದು, ಆದರೆ ಅವನ ಮೈಗೆ ಕೈ ಹಚ್ಚದೆ.

ಇನ್ನು "ನಂಜುಂಡಸ್ವಾಮಿಯವರು ಹೊಲಕ್ಕೇ ಬೆಂಕಿ ಹಚ್ಚಲಿಲ್ಲವಾ?" ಅಂತ ಯಾರಾದರೂ ಕೇಳೇ ಕೇಳ್ತೀರಿ. ಹೌದು, 1998ರ ಕೊನೆಗೆ ರಾಯಚೂರು ಜಿಲ್ಲೆಯಲ್ಲಿ ಮಾನ್ಸಾಂಟೊ ಬಿಟಿ ಹತ್ತಿಯ ಪ್ರಯೋಗದ ಬೆಳೆ ಸುಟ್ಟರು. ಆದರೆ ಸುಡ್ತೀವಿ ಅಂತ ಮೊದಲೇ ಸಾರಿದ್ದರು. ಆ ಹೊಲದ ರೈತನಿಗೆ ನಷ್ಟ ತುಂಬಿಕೊಡ್ತೀವಿ ಅಂದಿದ್ದರು. ಹಗಲಲ್ಲಿ, ಹೆಸರು ಹೇಳಿ ಮಾಡಿದರು. ರಾತ್ರಿ ಟೈರ್ ಸುಟ್ಟು ಓಡೋದಕ್ಕೂ ಅದಕ್ಕೂ ಸಂಬಂಧ ಇಲ್ಲ. ಆದರೂ ನನ್ನ ಒಲವು ಕುಸನೂರಿನ ಕಡೆಗೇ. ಬೆಂಕಿ ಇದ್ದಲ್ಲಿ ಕ್ಯಾಮೆರಾ ಬೆಂಕಿಯನ್ನಷ್ಟೇ ನೋಡುತ್ತೆ.

ಹಾಗಾದರೆ ನಮ್ಮ ತಾಲೀಮಿನಲ್ಲಿ ಏನು ಮಾಡೋದು? ಫ್ಯಾನ್ ಕೆಳಗೆ ಕೂರಿಸಿ, ಬಿಳಿ ಹಾಳೆ ಗೋಡೆಗೆ ಅಂಟಿಸಿ ಬಣ್ಣದ ಪೆನ್ನಲ್ಲಿ ಗೆರೆ ಎಳೆಯೋ ಟ್ರೇನಿಂಗ್ ಅಂತೂ ಅಲ್ಲ, ಅದನ್ನ ನಾವೆಲ್ಲ ಕಂಡೀವಿ, ಬಿಸ್ಕೀಟು ಚೆನ್ನಾಗಿರ್ತಾವೆ. ನಮ್ಮದು ಗರಡಿಯದ್ದು. ಅರ್ಧ ಜನ ಪೊಲೀಸರು, ಅರ್ಧ ಜನ ನಾವು. ಮೊಣಕೈಗೆ ಮೊಣಕೈ ಕೊಂಡಿ ಹಾಕಿ ಕೂರೋದು, ಎಳೆದಾಗ ಮೈ ಸಡಿಲ ಬಿಡೋದು, ಜೀಪು ಬಂದಾಗ ಓಡದೆ ಇರೋದು. ಓಡಿದರೆ ಕಾಲ್ತುಳಿತ ಆಗುತ್ತೆ, ಓಡೋನ ಬೆನ್ನು ಕಂಡರೆ ಲಾಠಿಗೆ ಹುರುಪು ಬರುತ್ತೆ. ನಡುವೆ ಯಾರಾದರೂ ಕಲ್ಲು ಎತ್ತಿದರೆ ಒಂದು ಸೀಟಿ, ಎಲ್ಲರೂ ಅಲ್ಲೇ ಕೂತುಬಿಡೋದು. ಆಗ ನಿಂತಿರೋನು ಅವನೊಬ್ಬನೇ, ಅವನು ಯಾರು ಅಂತ ಊರಿಗೂ ಗೊತ್ತಾಗುತ್ತೆ, ಕ್ಯಾಮೆರಾಕ್ಕೂ.

ಎಲ್ಲಕ್ಕಿಂತ ಕಷ್ಟ ಬೈಗುಳ. ನಮ್ಮ ಹುಡುಗರು ಏಟು ತಡಕೊಳ್ತಾರೆ, ತಾಯಿ ಹೆಸರೆತ್ತಿದರೆ ತಡಕೊಳ್ಳೋದಿಲ್ಲ. ಅದನ್ನ ತಾಲೀಮಿನಲ್ಲೇ ಅನ್ನಿಸಿಕೊಂಡು ನೋಡಬೇಕು. ತಡಕೊಳ್ಳೋಕೆ ಆಗದವನಿಗೆ ಅವಮಾನ ಬೇಡ, ಅವನಿಗೆ ನೀರಿನ ಟ್ಯಾಂಕರ್ ಕೊಡೋಣ, ಊಟದ ಜವಾಬ್ದಾರಿ ಕೊಡೋಣ, ಸಾಲಿನಲ್ಲಿ ಕೂರಿಸೋದು ಬೇಡ. ಹಿಡಕೊಂಡು ಹೋದರೆ ಅವರ ಮನೆಯ ಎಮ್ಮೆ ಯಾರು ಹಿಂಡೋದು, ಪಂಪು ಯಾರು ಚಾಲೂ ಮಾಡೋದು ಅಂತ ಚೀಟಿ ಬರೆದು ಇಡಬೇಕು. ಇಪ್ಪತ್ನಾಲ್ಕು ತಾಸಿನ ಒಳಗೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಬೇಕು, ಸೂರ್ಯ ಮುಳುಗಿದ ಮೇಲೆ ಹೆಣ್ಮಕ್ಕಳನ್ನ ಸುಮ್ಮನೆ ಬಂಧಿಸೋ ಹಾಗಿಲ್ಲ ಅನ್ನೋದು ಪ್ರತಿಯೊಬ್ಬರಿಗೂ ಬಾಯಿಪಾಠ ಆಗಿರಬೇಕು. ಗುಡ್ಡದ ಉತಾರ, ನಕಾಶೆ, ಗ್ರಾಮಸಭೆಯ ಠರಾವು ಒಬ್ಬರ ಕೈಲಿ, ಅದರ ನಕಲು ಬೇರೆಯವರ ಮನೇಲಿ. ಸಾಹೇಬರ ಜೊತೆ ಮಾತಾಡೋದು ಒಬ್ಬರೇ, ಅವರನ್ನ ಹಿಡಿದರೆ ಎರಡನೆಯವರು. ಎರಡನೆಯವರು ಹೆಣ್ಮಗಳೇ ಆಗಿರಲಿ. ದನ ಹೊಡಕೊಂಡು ಆ ಗುಡ್ಡ ಹತ್ತೋದು ಅವರು, ರೊಟ್ಟಿ ಬಡಿಯೋಕಷ್ಟೇ ಅವರನ್ನ ಕರೆಯೋ ಚಾಳಿ ಸಾಕು.

ಇನ್ನೊಂದು ಮಾತು, ಕೆಲವರಿಗೆ ಇಷ್ಟ ಆಗೋದಿಲ್ಲ. ಕ್ವಾರಿಗೆ ಲಾರಿ ಬಿಡ್ತೀನಿ ಅಂತ ಮುಂಗಡ ತಗೊಂಡವರು ನಮ್ಮೂರಲ್ಲೇ ಇದ್ದಾರೆ. ಅವರ ಮನೆ ಮುಂದೆ ಹೋಗಿ ಘೋಷಣೆ ಕೂಗೋಣ ಅಂದವರಿಗೆ ನಾನು ಬರೋದಿಲ್ಲ ಅಂದೀನಿ. ಅವರ ಬೋರೂ ಅದೇ ಕೆರೆಯ ಕೆಳಗಿದೆ. ತಾಲೀಮು ಮುಗಿಸಿ, ಇಬ್ಬರು ಹಿರಿಯರು ಅವರ ಮನೆಗೆ ಚಹಾಕ್ಕೆ ಹೋಗಲಿ. ಲಾಠಿ ಹಿಡಕೊಂಡು ಬರೋ ಪೊಲೀಸನೂ ಯಾವುದೋ ಊರಿನ ರೈತನ ಮಗ, ಅವನ ಮನೆಯಲ್ಲೂ ಎತ್ತು ಇರ್ತಾವೆ.

ಬರೋ ಅಮಾವಾಸ್ಯೆ ದಿನ ಹೇಗೂ ಎತ್ತು ಹೂಡೋದಿಲ್ಲ. ಗರಡಿಮನೆಯಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಶುರು, ಹಾಲು ಹಿಂಡೋ ಹೊತ್ತಿಗೆ ಬಿಡ್ತೀವಿ. ಬುತ್ತಿ ನಿಮ್ಮದು, ಮಜ್ಜಿಗೆ ನಮ್ಮದು. ಕೆಳಗಿನ ಊರಿನವರೂ ಬರಬೇಕು, ಮನೆಗೆ ಒಬ್ಬರಾದರೂ. ಬೈಗುಳ ಚೆನ್ನಾಗಿ ಬರೋ ನಾಲ್ಕು ಜನ ಬೇಕು, ಪೊಲೀಸ್ ಪಾರ್ಟು ಮಾಡೋಕೆ. ಕಟ್ಟೆ ಮೇಲೆ ನಕ್ಕ ಹಿರಿಯರ ಹೆಸರನ್ನ ನಾನು ಈಗಾಗಲೇ ಆ ಪಟ್ಟಿಗೆ ಹಾಕೀನಿ.