ಸಮುದ್ರಕ್ಕೆ ಪಹಣಿ ಇಲ್ಲ

2016ರಲ್ಲಿ ನಾನಿನ್ನೂ ಇಂಜಿನಿಯರಿಂಗ್ ಓದ್ತಿದ್ದೆ. ಅಮೆರಿಕದ ಸ್ಟ್ಯಾಂಡಿಂಗ್ ರಾಕ್‌ನಲ್ಲಿ ಮೂಲನಿವಾಸಿಗಳು, ತಾವು ಕುಡಿಯುವ ನೀರಿನಡಿಯಲ್ಲಿ ತೈಲದ ಪೈಪ್‌ಲೈನ್ ಬೇಡ ಎಂದು ಟೆಂಟ್ ಹಾಕಿ ಕೂತಿದ್ದರು. ಹಾಸ್ಟೆಲ್ ರೂಮಿನಿಂದಲೇ ಆನ್‌ಲೈನ್ ಅರ್ಜಿಗೆ ಸಹಿ ಹಾಕಿ, ಏನೋ ದೊಡ್ಡ ಕೆಲಸ ಮಾಡಿದೆ ಅಂದುಕೊಂಡಿದ್ದೆ.

ನನ್ನೂರು ಶೆಟಗೇರಿ. ಅಲ್ಲಿಂದ ಕೇಣಿಗೆ ಬೈಕಲ್ಲಿ ಅರ್ಧ ಗಂಟೆಯೂ ಬೇಡ. ಕೇಣಿಯಲ್ಲಿ ಬಂದರು ಕಟ್ಟುವ ಯೋಜನೆ 2023ರ ನವೆಂಬರ್‌ನಲ್ಲಿ ಜೆಎಸ್‌ಡಬ್ಲ್ಯು ಸಂಸ್ಥೆಗೆ ಸಿಕ್ಕಿತು. 4,119 ಕೋಟಿ ರೂಪಾಯಿ ವೆಚ್ಚ, ವರ್ಷಕ್ಕೆ 3 ಕೋಟಿ ಟನ್ ಸರಕು. 2025ರ ಫೆಬ್ರವರಿಯಲ್ಲಿ ಸಮುದ್ರದಲ್ಲಿ ಸರ್ವೆ ನಡೆದಾಗ ನಿಷೇಧಾಜ್ಞೆ ಬಂತು, ಮೀನುಗಾರ ಹೆಂಗಸರು ನೀರಿಗಿಳಿದರು. ಆ ವಿಡಿಯೊವನ್ನು ನಾನು ಬೆಂಗಳೂರಿನಲ್ಲಿ ಊಟದ ಹೊತ್ತಿಗೆ ನೋಡಿ, ಫೋನ್ ಕೆಳಗಿಟ್ಟೆ. ಅಷ್ಟೇ.

ಆಗಸ್ಟ್‌ನಲ್ಲಿ ಅಂಕೋಲೆಯಲ್ಲಿ ಪರಿಸರ ಅಹವಾಲು ಸಭೆ. ಅದರ ಹಿಂದಿನ ವಾರ ಊರಿಗೆ ಹೋಗಿದ್ದೆ. ನಮ್ಮ ಮನೆಗೆ ಬಂಗಡೆ ತರುವ ಅಕ್ಕ ಬುಟ್ಟಿ ಇಳಿಸಿ, "ತಮಾ, ನೀ ಕಲ್ತಂವ ಅಲ್ದಾ, ಬಂದರಿನ ಕಾಗದದಲ್ಲಿ ಎಂತ ಬರ್ದಿದ್ರು ಹೇಳು" ಅಂದರು. ನಾನು ಓದೇ ಇರಲಿಲ್ಲ.

ಜಗಲಿಯಲ್ಲಿದ್ದ ನನ್ನ ತಮ್ಮನಿಗೆ ಸಿಟ್ಟು ಬಂತು. ಡಿಪ್ಲೊಮಾ ಮುಗಿಸಿ ಎರಡು ವರ್ಷದಿಂದ ಮನೆಯಲ್ಲಿದ್ದಾನೆ. "ಬಂದರು ಬಂದ್ರೆ ನಂಗೆ ಕೆಲ್ಸ ಸಿಗಬಹುದು. ಬೆಂಗಳೂರಲ್ಲಿ ಸಂಬಳ ತಗೊಂಡು ಬೇಡ ಅನ್ನೋದು ನಿಂಗೆ ಸುಲಭ." ಅದಕ್ಕೆ ಇವತ್ತಿಗೂ ನನ್ನ ಬಳಿ ಪೂರ್ತಿ ಉತ್ತರ ಇಲ್ಲ.

ಆದರೆ ಒಂದು ವಿಷಯ ಅವನಿಗೂ ಗೊತ್ತು. 1986ರಲ್ಲಿ ಕಾರವಾರದ ಸೀಬರ್ಡ್ ನೌಕಾನೆಲೆಗೆ ಶಂಕುಸ್ಥಾಪನೆ ಆಯಿತು. ಅದಕ್ಕಾಗಿ ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ಜಾಗ ಬಿಟ್ಟವು. ಜಮೀನಿನ ಕಾಗದ ಇದ್ದವರೇ ಪರಿಹಾರಕ್ಕೆ ದಶಕಗಟ್ಟಲೆ ಕೋರ್ಟು ಸುತ್ತಿದರು. ಇನ್ನು ದೋಣಿ ಎಳೆಯುವ ಮರಳಿಗೆ, ಬಲೆ ಬೀಸುವ ನೀರಿಗೆ ಪಹಣಿ ಎಲ್ಲಿಂದ ತರೋದು? ತಲೆಮಾರಿನಿಂದ ದುಡಿದ ಜಾಗ, ದಾಖಲೆಯಲ್ಲಿ ಮಾತ್ರ ಖಾಲಿ.

ಅದಕ್ಕೇ ಅಹವಾಲು ಸಭೆ ಮುಖ್ಯ. 2006ರ ಪರಿಸರ ಅಧಿಸೂಚನೆ ಪ್ರಕಾರ ಸಭೆಗೆ 30 ದಿನ ಮೊದಲೇ ನೋಟಿಸ್ ಕೊಡಬೇಕು, ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲೂ ಇರಬೇಕು. ಸಭೆಯ ವಿಡಿಯೊ ಆಗಬೇಕು. ಜನ ಹೇಳಿದ್ದರ ಸಾರವನ್ನು ಅಲ್ಲೇ ಅವರ ಭಾಷೆಯಲ್ಲಿ ಓದಿ ಹೇಳಬೇಕು. ಬರೆದು ಕೊಟ್ಟ ಆಕ್ಷೇಪಣೆಯೂ ಕಡತಕ್ಕೆ ಸೇರುತ್ತದೆ. ಪಹಣಿ ಇಲ್ಲದವರ ಹೆಸರು ಸರಕಾರಿ ಕಡತದಲ್ಲಿ ದಾಖಲಾಗುವ ಜಾಗ ಅದು.

ರಾತ್ರಿ ಲ್ಯಾಪ್‌ಟಾಪ್ ತೆರೆದು ಓದಿದೆ. ಮರುದಿನ ಬುಟ್ಟಿ ಪಕ್ಕದಲ್ಲೇ ಕೂತು, ತಿಳಿದಷ್ಟನ್ನು ಅಕ್ಕನಿಗೆ ಕನ್ನಡದಲ್ಲಿ ಹೇಳಿದೆ. ಬೇಕು ಅಂತಲೂ ಹೇಳಲಿಲ್ಲ, ಬೇಡ ಅಂತಲೂ ಹೇಳಲಿಲ್ಲ. ಅದು ಅವರು ಹೇಳಬೇಕಾದ ಮಾತು. ಎಲ್ಲ ಕೇಳಿಸಿಕೊಂಡು ಅವರು ಕೇಳಿದ್ದು ಒಂದೇ: "ನಮ್ ದೋಣಿ ಎಲ್ಲಿ ನಿಲ್ಸೂದು?"

ಅದನ್ನೇ ಅವರ ಹೆಸರಿನಲ್ಲಿ, ಅವರ ಮಾತಿನಲ್ಲೇ ಬರೆದೆವು. ಕಾಗದ ತಂದುಕೊಟ್ಟವನು ನನ್ನ ತಮ್ಮ. ಅಕ್ಕ ಸೆರಗಿಗೆ ಕೈ ಒರೆಸಿಕೊಂಡು ನಿಧಾನಕ್ಕೆ ಸಹಿ ಹಾಕಿದರು. 2016ರಲ್ಲಿ ನಾನು ಹಾಕಿದ ಸಹಿಗೆ ಅಷ್ಟು ಹೊತ್ತು ಹಿಡಿದಿರಲಿಲ್ಲ.