ಹೆಸರೊಂದು, ಅಳತೆ ಎರಡು

ಸೇರು, ಕೊಳಗ, ಖಂಡುಗಗಳ ಕಾಲದಲ್ಲಿ ಅಳತೆಯ ಹೆಸರು ಒಂದೇ ಆಗಿದ್ದರೂ ಅದು ಹಿಡಿಸುವ ಕಾಳು ಊರಿಂದೂರಿಗೆ ಬೇರೆಯಾಗುತ್ತಿತ್ತು. 1956ರಲ್ಲಿ ನಮ್ಮ ದೇಶವು ಕಾಯಿದೆಯ ಮೂಲಕ ಮೆಟ್ರಿಕ್ ಪದ್ಧತಿಯನ್ನು ಅಂಗೀಕರಿಸಿತು. ಆ ಪದ್ಧತಿಯಲ್ಲಿ ಕಿಲೋ ಎಂದರೆ ಸಾವಿರ. ಅದಕ್ಕೆ ಬೇರೆ ಅರ್ಥವಿಲ್ಲ. ಆದರೆ ಗಣಕಯಂತ್ರದ ಲೋಕದಲ್ಲಿ ಆ ಹಳೆಯ ಗೊಂದಲವೇ ಹೊಸ ವೇಷ ತೊಟ್ಟು ಮರಳಿದೆ.

ಗಣಕಯಂತ್ರವು ಬಲ್ಲ ಅಂಕಿಗಳು ಸೊನ್ನೆ ಮತ್ತು ಒಂದು ಮಾತ್ರ. ಇಂತಹ ಒಂದು ಅಂಕಿಗೆ ಬಿಟ್ ಎಂದೂ, ಎಂಟು ಬಿಟ್‌ಗಳ ಗುಂಪಿಗೆ ಬೈಟ್ ಎಂದೂ ಹೆಸರು. ಕಡತವೊಂದರ ಗಾತ್ರವನ್ನು ಅಳೆಯುವುದು ಬೈಟ್‌ಗಳಿಂದ. ಇಂದು ವ್ಯಾಪಕವಾಗಿ ಬಳಕೆಯಲ್ಲಿರುವ ಯುಟಿಎಫ್-8 ಎಂಬ ಲಿಪಿಸಂಕೇತದಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು. ನಮ್ಮ ‘ಅ’ಕಾರಕ್ಕೆ ಮೂರು ಬೇಕು. ‘ಕನ್ನಡ’ ಎಂಬ ಪದಕ್ಕೆ ಒಂಬತ್ತಲ್ಲ, ಹದಿನೈದು! ಒತ್ತಕ್ಷರದ ನಕಾರವನ್ನೂ ಅದನ್ನು ಬೆಸೆಯುವ ಚಿಹ್ನೆಯನ್ನೂ ಯಂತ್ರವು ಪ್ರತ್ಯೇಕವಾಗಿ ಎಣಿಸುತ್ತದೆ.

ಎರಡನ್ನು ಹತ್ತು ಬಾರಿ ಇಟ್ಟು ಗುಣಿಸಿದರೆ 1024 ಬರುತ್ತದೆ. ಸಾವಿರಕ್ಕೆ ಸಮೀಪವಾದುದರಿಂದ ಗಣಕತಜ್ಞರು ಇದನ್ನೂ ಕಿಲೋ ಎಂದೇ ಕರೆದರು. ಕಿಲೋಬೈಟಿನಲ್ಲಿ ಈ ಅಂತರ ಶೇಕಡ 2.4 ಮಾತ್ರ, ಗಿಗಾಬೈಟಿಗೆ ಬರುವಷ್ಟರಲ್ಲಿ ಅದು ಶೇಕಡ 7ನ್ನು ಮೀರುತ್ತದೆ. 500 ಗಿಗಾಬೈಟ್ ಎಂದು ಪೆಟ್ಟಿಗೆಯ ಮೇಲೆ ಮುದ್ರಿಸಿ ಮಾರಿದ ಡಿಸ್ಕನ್ನು ವಿಂಡೋಸ್ ತಂತ್ರಾಂಶವು 465 ಎಂದು ತೋರಿಸುತ್ತದೆ. ಕೊಂಡವನು ತಾನು ಮೋಸಹೋದೆನೆಂದು ನೊಂದುಕೊಳ್ಳುತ್ತಾನೆ. ವಾಸ್ತವವಾಗಿ ಒಂದು ಬೈಟೂ ಕಳೆದುಹೋಗಿಲ್ಲ. ತಯಾರಕರು ಸಾವಿರದಿಂದ ಎಣಿಸಿದ್ದಾರೆ, ತಂತ್ರಾಂಶವು 1024ರಿಂದ ಎಣಿಸಿದೆ. ಹಿಂದಿನ ‘1.44 ಮೆಗಾಬೈಟ್’ ಫ್ಲಾಪಿಯದು ಇನ್ನೂ ವಿಚಿತ್ರ. ಅಲ್ಲಿ ಮೆಗಾ ಎಂದರೆ ಸಾವಿರವನ್ನು 1024ರಿಂದ ಗುಣಿಸಿದ ಮೊತ್ತ!

ಅಂತರರಾಷ್ಟ್ರೀಯ ವಿದ್ಯುತ್ತಾಂತ್ರಿಕ ಆಯೋಗವು 1998ರಲ್ಲಿ ಇದಕ್ಕೊಂದು ಪರಿಹಾರವನ್ನು ಸೂಚಿಸಿತು. 1024ರ ಲೆಕ್ಕಕ್ಕೆ ಕಿಬಿ, ಮೆಬಿ, ಗಿಬಿ ಎಂಬ ಬೇರೆ ಹೆಸರುಗಳನ್ನು ಕೊಟ್ಟು, ಕಿಲೋವನ್ನು ಸಾವಿರಕ್ಕೇ ಉಳಿಸಿತು. ಈ ಹೆಸರುಗಳು ಕಿವಿಗೆ ಅಷ್ಟೇನೂ ಇಂಪಲ್ಲ, ನಿಜ. ಆದರೆ ಇಂಪಿಲ್ಲವೆಂಬ ಕಾರಣಕ್ಕೆ ತಪ್ಪು ತಕ್ಕಡಿಯನ್ನು ಇಟ್ಟುಕೊಳ್ಳುವುದು ಉಚಿತವೆಂದು ನನಗೆ ತೋರುವುದಿಲ್ಲ. ನನ್ನ ಮತದಲ್ಲಿ ಪೆಟ್ಟಿಗೆಯ ಮೇಲಿನ ಬರಹವೇ ಸರಿ, ತಿದ್ದಿಕೊಳ್ಳಬೇಕಾದುದು ಪರದೆ. ಅದು ಸಾವಿರದಿಂದ ಎಣಿಸಲಿ, ಇಲ್ಲವೇ ಗಿಬಿ ಎಂದು ಸ್ಪಷ್ಟವಾಗಿ ಬರೆಯಲಿ. ಆಪಲ್ ಸಂಸ್ಥೆಯು 2009ರಲ್ಲಿ ತನ್ನ ಮ್ಯಾಕ್ ಗಣಕಗಳಲ್ಲಿ ಮೊದಲನೆಯ ದಾರಿಯನ್ನು ಹಿಡಿಯಿತು. ಅದರಿಂದ ಯಾರ ಕಡತವೂ ಹಿಗ್ಗಲಿಲ್ಲ, ಕುಗ್ಗಲೂ ಇಲ್ಲ.