72 ಸೀಸನ್ಸ್: ನಮ್ಮ ಲೆಕ್ಕದಲ್ಲಿ 108

(1/4)

ಫೋಟೋದಲ್ಲಿರೋದು ಮೆಟಾಲಿಕಾದ 72 ಸೀಸನ್ಸ್ ಆಲ್ಬಂ ಕವರ್. ಕಣ್ಣಿಗೆ ಹೊಡೆಯೋ ಹಳದಿ, ಅದರ ಮೇಲೆ ಸುಟ್ಟು ಕರಕಲಾದ ಮಗುವಿನ ತೊಟ್ಟಿಲು, ಸುತ್ತ ಕರಕಲು ಆಟಿಕೆಗಳು. ಮೊದಲ ಸಲ ನೋಡಿದಾಗ "ಏನ್ ಗುರೂ, ಬಾಂಬೆ ಟ್ಯಾಕ್ಸಿ ಬಣ್ಣ ಹೊಡೆದಿದಾರೆ" ಅಂತ ಗ್ರೂಪಲ್ಲಿ ಎಲ್ಲರೂ ನಕ್ಕಿದ್ವಿ. ಆಲ್ಬಂ ಪೂರ್ತಿ ಕೇಳಿದ ಮೇಲೆ ಆ ತೊಟ್ಟಿಲು ನೋಡಿದ್ರೆ ನಗು ಬರಲ್ಲ.

ಏಪ್ರಿಲ್ 14, 2023ಕ್ಕೆ ಬಂತು. 12 ಹಾಡು, 77 ನಿಮಿಷ. ಹಿಂದಿನದು ಬಂದಿದ್ದು 2016ರ ನವೆಂಬರ್‌ನಲ್ಲಿ, ಅದರ ಹಿಂದಿನದು 2008ರಲ್ಲಿ. ಅಂದ್ರೆ ಈ ಬ್ಯಾಂಡ್‌ನ ಫ್ಯಾನ್ ಆಗೋಕೆ ಮೊದಲು ಬೇಕಾಗಿದ್ದು ತಾಳ್ಮೆ, ಆಮೇಲೆ ಕಿವಿ.

72 ಸೀಸನ್ ಅಂದ್ರೆ ಮನುಷ್ಯನ ಮೊದಲ 18 ವರ್ಷ. ವರ್ಷಕ್ಕೆ ನಾಲ್ಕು ಸೀಸನ್, 18 ವರ್ಷಕ್ಕೆ 72. ಆ ಕಾಲದಲ್ಲಿ ಅಪ್ಪ ಅಮ್ಮ, ಮನೆ, ದೇವರು, ಭಯ ನಮ್ಮ ತಲೆಗೆ ಏನೇನು ತುಂಬಿದ್ವೋ ಅದನ್ನೇ ಉಳಿದ ಬದುಕೆಲ್ಲ ಹೊತ್ಕೊಂಡು ತಿರುಗ್ತೀವಾ ಅನ್ನೋದು ಜೇಮ್ಸ್ ಹೆಟ್‌ಫೀಲ್ಡ್ ಪ್ರಶ್ನೆ. ನಮಗೆ ವಸಂತದಿಂದ ಶಿಶಿರದವರೆಗೆ ಋತು ಆರು. 18ನ್ನ ಆರರಿಂದ ಗುಣಿಸಿ ನೋಡಿ, 108. ಸರಿಯಾಗಿ ಒಂದು ಜಪಮಾಲೆ! ಅವನಿಗೆ ಯಾರಾದ್ರೂ ಇದನ್ನ ಹೇಳಿದ್ರೆ ಇನ್ನೊಂದು ಆಲ್ಬಂ ಆಗ್ತಿತ್ತೇನೋ.

(2/4)

ಈಗ ಹೆಟ್‌ಫೀಲ್ಡ್‌ನ 72 ಸೀಸನ್ ಹೇಗಿತ್ತು ಅನ್ನೋದು ಗೊತ್ತಿರಬೇಕು, ಇಲ್ಲಾಂದ್ರೆ ಈ ಆಲ್ಬಂ ಬರೀ ಗಲಾಟೆ ಅನ್ಸತ್ತೆ.

ಅಪ್ಪ ಅಮ್ಮ ಇಬ್ರೂ ಕ್ರಿಶ್ಚಿಯನ್ ಸೈನ್ಸ್ ಪಂಥದವರು. ಕಾಯಿಲೆಗೆ ಔಷಧಿ ಬೇಡ, ಪ್ರಾರ್ಥನೆ ಸಾಕು ಅನ್ನೋ ನಂಬಿಕೆ. ಹುಡುಗನಿಗೆ 13 ವರ್ಷ ಇದ್ದಾಗ ಅಪ್ಪ ಮನೆ ಬಿಟ್ಟು ಹೋದ. 16ಕ್ಕೆ ಅಮ್ಮ ಕ್ಯಾನ್ಸರ್‌ನಲ್ಲಿ ತೀರಿಕೊಂಡಳು, ನಂಬಿಕೆ ಬಿಡಲಿಲ್ಲ. 1988ರಲ್ಲಿ ಬಂದ "ಡೈಯರ್ಸ್ ಈವ್" ಕೇಳಿದೋರಿಗೆ ಗೊತ್ತು, 25ರ ಆ ಹುಡುಗ ಅಪ್ಪ ಅಮ್ಮನ ಕೊರಳಪಟ್ಟಿ ಹಿಡಿದು ಕೇಳ್ತಿದ್ದ. 1991ರ "ದ ಗಾಡ್ ದಟ್ ಫೇಲ್ಡ್"ನಲ್ಲಿ ಅಮ್ಮನ ಆ ದೇವರನ್ನೇ ಕಟಕಟೆಗೆ ನಿಲ್ಲಿಸಿದ್ದ.

2023ರಲ್ಲಿ ಅವನಿಗೆ ಅರವತ್ತು ತುಂಬಿತು. ನಮ್ಮೂರಲ್ಲಾಗಿದ್ರೆ ಷಷ್ಟ್ಯಬ್ದಿಗೆ ಪುರೋಹಿತರನ್ನ ಹುಡುಕೋ ವಯಸ್ಸು. ಗಾಯ ಅದೇ, ಆದರೆ ಬೆರಳು ತೋರಿಸೋ ದಿಕ್ಕು ಬದಲಾಗಿದೆ. ಈ ಆಲ್ಬಂನಲ್ಲಿ ಅಪ್ಪ ಅಮ್ಮನ ಮೇಲೆ ಕೂಗಾಟ ಇಲ್ಲ. "ನನಗೆ ಹೀಗೆ ಮಾಡಿದ್ರು" ಅನ್ನೋದು ಹೋಗಿ "ಅದನ್ನ ಇಟ್ಕೊಂಡು ನಾನೇನು ಮಾಡಿದೆ" ಅನ್ನೋದು ಬಂದಿದೆ. 2019ರಲ್ಲಿ ಇವನು ಮತ್ತೆ ರಿಹ್ಯಾಬ್ ಸೇರಿದ, ಆಸ್ಟ್ರೇಲಿಯಾ ಟೂರೇ ನಿಂತು ಹೋಯ್ತು. ಆ ಹಿಂದಿನ ಕಥೆ ಗೊತ್ತಿದ್ದು "ಶ್ಯಾಡೋಸ್ ಫಾಲೋ" ಕೇಳಿದ್ರೆ, ಬೆನ್ನ ಹಿಂದೆ ಬರ್ತಿರೋ ನೆರಳು ಯಾವುದು ಅಂತ ಬಿಡಿಸಿ ಹೇಳೋದೇ ಬೇಡ.

ಹುಟ್ಟುಗುಣ ಸುಟ್ಟರೂ ಹೋಗದು ಅಂತೀವಲ್ಲ, ಇಡೀ ಆಲ್ಬಂ ಆ ಗಾದೆ ಜೊತೆ ಕುಸ್ತಿ. ತೊಟ್ಟಿಲಂತೂ ಸುಟ್ಟಾಯ್ತು. ಗುಣ ಹೋಯ್ತಾ? ಅವನಿಗೂ ಗೊತ್ತಿಲ್ಲ, ಸುಮ್ಮನೆ ಹೌದು ಅಂತ ಸುಳ್ಳೂ ಹೇಳಲ್ಲ. ನನಗೆ ಇಷ್ಟ ಆಗಿದ್ದು ಅದು.

(3/4)

ಹಾಗಂತ ಆರತಿ ಎತ್ತೋಕೆ ಕೂತಿಲ್ಲ. ಆಲ್ಬಂ ಉದ್ದ ಆಯ್ತು, ಸಿಕ್ಕಾಪಟ್ಟೆ ಉದ್ದ ಆಯ್ತು. 77 ನಿಮಿಷದಲ್ಲಿ 20 ನಿಮಿಷ ಕತ್ತರಿಸಿದ್ರೂ ಏನೂ ಕಳಕೊಳ್ತಿರಲಿಲ್ಲ. "ಕ್ರೌನ್ ಆಫ್ ಬಾರ್ಬ್ಡ್ ವೈರ್" ಎಷ್ಟು ಸಲ ಕೇಳಿದ್ರೂ ನನಗೆ ನೆನಪಲ್ಲಿ ಉಳಿತಿಲ್ಲ. "ಸ್ಲೀಪ್‌ವಾಕ್ ಮೈ ಲೈಫ್ ಅವೇ" ಒಳ್ಳೆ ರಿಫ್, ಆದರೆ ನಾಲ್ಕು ನಿಮಿಷದ ಸರಕನ್ನ ಏಳು ನಿಮಿಷ ಎಳೆದಿದಾರೆ. ಗ್ರೆಗ್ ಫಿಡೆಲ್‌ಮನ್ ಪ್ರೊಡ್ಯೂಸರ್, ಸೌಂಡ್ ಚೊಕ್ಕವಾಗಿದೆ, ಸರಿ. ಆದರೆ ಸ್ಟುಡಿಯೋದಲ್ಲಿ ಎದ್ದು ನಿಂತು "ಸಾಕು ಕಣ್ರಪ್ಪಾ" ಅನ್ನೋರು ಒಬ್ಬರು ಬೇಕಿತ್ತು.

ಕರ್ಕ್ ಹ್ಯಾಮೆಟ್ ವಿಷಯ. ಹಿಂದಿನ ಆಲ್ಬಂಗೆ ಮುಂಚೆ ನೂರಾರು ರಿಫ್ ತುಂಬಿದ್ದ ಫೋನನ್ನೇ ಕಳಕೊಂಡಿದ್ದ ಮಹಾನುಭಾವ, ಅದರಲ್ಲಿ ಹಾಡು ಬರೆದೋರ ಹೆಸರಲ್ಲಿ ಅವನೇ ಇರಲಿಲ್ಲ. ಈ ಸಲ ಹೆಸರಿದೆ, ಖುಷಿ. ಸೋಲೋಗಳು ಮಾತ್ರ ಅದೇ ವಾ ಪೆಡಲ್, ಅದೇ ನಾಲ್ಕು ದಾರಿ. ಲಾರ್ಸ್ ಉಲ್ರಿಕ್ ಬಗ್ಗೆ ಜಗಳ ಆಡೋರು ಈ ಸಲವೂ ಆಡ್ತಾರೆ. ನಾನು ಆಡಲ್ಲ. "ಲುಕ್ಸ್ ಎಟರ್ನಾ" ಮೂರೂವರೆ ನಿಮಿಷದ ಒಳಗೆ ಮುಗಿಯತ್ತೆ, ಅದರಲ್ಲಿ ಅವನು 1981ರಲ್ಲಿ ಡೈಮಂಡ್ ಹೆಡ್ ಬ್ಯಾಂಡ್ ಹುಡುಕ್ಕೊಂಡು ಇಂಗ್ಲೆಂಡಿಗೆ ಹೋದ ಹುಡುಗನೇ ಆಗ್ಬಿಡ್ತಾನೆ. ಅಷ್ಟು ಸಾಕು.

ಇನ್ನು "ಸ್ಕ್ರೀಮಿಂಗ್ ಸೂಸೈಡ್". ಹೆಸರು ಕೇಳಿ ಹೆದರ್ಕೋಬೇಡಿ. ಒಳಗೆ ಮುಚ್ಚಿಟ್ಟಿರೋ ಕತ್ತಲನ್ನ ಬಾಯಿ ಬಿಟ್ಟು ಹೇಳ್ಕೊಳ್ಳಿ ಅನ್ನೋದೇ ಆ ಹಾಡು. ಮೀಸೆ, ಟ್ಯಾಟೂ, ಬೈಕು ಇಟ್ಕೊಂಡಿರೋ ಗಂಡಸು ಇದನ್ನ ಗಂಟಲು ಹರಿದು ಹೇಳಿದ್ರೆ ಅದಕ್ಕೊಂದು ತೂಕ ಇದೆ. "ಗಂಡು ಹುಡುಗ ಅಳ್ತಾರೇನೋ" ಅಂತ ಕೇಳಿಸ್ಕೊಂಡೇ ಬೆಳೆದೋರು ನಾವು. ನಮ್ಮಲ್ಲಿ ಎಷ್ಟು ಜನ ದುಃಖ ಹೇಳೋ ಬದಲು ವಾಲ್ಯೂಮ್ ಜಾಸ್ತಿ ಮಾಡಿದ್ವಿ?

ಅಕ್ಟೋಬರ್ 30, 2011. ಗುರ್‌ಗಾಂವ್ ಶೋ ರದ್ದಾಗಿ, ದೇಶದ ಆಸೆ ಎಲ್ಲ ಬೆಂಗಳೂರಿನ ಅರಮನೆ ಮೈದಾನದ ಮೇಲೆ ಬಿದ್ದಿತ್ತು. ಅವತ್ತು ಅಲ್ಲಿ ಕಪ್ಪು ಟೀ ಶರ್ಟ್ ಹಾಕ್ಕೊಂಡು ಕುಣಿದೋರಲ್ಲಿ ಸುಮಾರು ಜನ ಈಗ ಅಪ್ಪ ಅಮ್ಮ ಆಗಿದೀವಿ. ನನ್ನ ಮಗಳಿಗೆ ಐದು ವರ್ಷ. ಅಂದ್ರೆ 20 ಸೀಸನ್ ಆಗೋಯ್ತು, 52 ಬಾಕಿ. ಟೈಟಲ್ ಹಾಡು ಕೇಳ್ತಾ ಈ ಲೆಕ್ಕ ತಲೆಗೆ ಬಂದ ದಿನದಿಂದ ಅವಳ ಮೇಲೆ ರೇಗೋಕೆ ಮುಂಚೆ ಒಂದು ಕ್ಷಣ ತಡೀತೀನಿ. ಪ್ರತಿ ಸಲ ಅಲ್ಲ. ಬೆಳಿಗ್ಗೆ ಎಂಟಕ್ಕೆ ಸ್ಕೂಲ್ ವ್ಯಾನ್ ಹಾರ್ನ್ ಹೊಡೀತಿದ್ರೆ ಹೆಟ್‌ಫೀಲ್ಡೂ ರೇಗ್ತಾನೆ.

(4/4)

ಕೊನೇ ಹಾಡು "ಇನಮೊರಾಟಾ"ಗೋಸ್ಕರ ಉಳಿದಿದ್ದನ್ನೆಲ್ಲ ಕ್ಷಮಿಸ್ಬಹುದು. 11 ನಿಮಿಷದ ಮೇಲಿದೆ, ಮೆಟಾಲಿಕಾದ ಸ್ವಂತ ಆಲ್ಬಂಗಳಲ್ಲಿ ಇದಕ್ಕಿಂತ ಉದ್ದದ ಹಾಡಿಲ್ಲ. ಉದ್ದದ ಬಗ್ಗೆ ಇಷ್ಟೊತ್ತು ಗೊಣಗಿದೋನು ಇದನ್ನ ಹೊಗಳ್ತಿದಾನಲ್ಲಾ ಅನ್ಬೇಡಿ, ಇದಕ್ಕೆ ಆ ಜಾಗ ಬೇಕು. ಇಲ್ಲಿ ದುಃಖಾನೇ ಪ್ರೇಯಸಿ. ಬಿಟ್ಟು ಹೋಗು ಅಂತಾನೆ, ಆದರೆ ಬಾಗಿಲು ತೆಗೆಯೋಕೂ ಕೈ ಬರ್ತಿಲ್ಲ. ಕುಡಿತ ಬಿಟ್ಟೋರನ್ನ ಹತ್ತಿರದಿಂದ ನೋಡಿದೋರಿಗೆ ಇದು ತಟ್ಟತ್ತೆ. ಬಿಡಬೇಕಾದ್ದು ಬಾಟಲಿ ಒಂದೇ ಆಗಿರಲ್ಲ.

ನಡುವೆ ಒಂದು ಕಡೆ ಎಲ್ಲ ಗದ್ದಲ ಇಳಿದು, ರಾಬ್ ಟ್ರುಹಿಯೋ ಬಾಸ್ ಮೆಲ್ಲಗೆ ನಡೀತಾ ಬರತ್ತೆ. ಲಾರ್ಸ್ ಕೂಡ ಸುಮ್ಮನಾಗಿ ಕಾಯ್ತಾನೆ, ನಿಜವಾಗ್ಲೂ. ಆಮೇಲೆ ಗಿಟಾರ್ ಒಂದೊಂದೇ ಎಳೆ ಸೇರ್ತಾ ಮತ್ತೆ ಆ ಭಾರದ ರಿಫ್ ಬಂದು ಕೂತಾಗ, ನಲವತ್ತು ವರ್ಷ ಒಟ್ಟಿಗೆ ನುಡಿಸಿದೋರಿಗೆ ಮಾತ್ರ ಬರೋ ಆರಾಮು ಅದರಲ್ಲಿದೆ. ಇಪ್ಪತ್ತೈದರ ಮೆಟಾಲಿಕಾಗೆ ಈ ಹಾಡು ಮಾಡೋಕೆ ಆಗ್ತಿರಲಿಲ್ಲ. "1991ಕ್ಕೇ ಸತ್ತೋದ್ರು" ಅನ್ನೋ ಅಣ್ಣಂದಿರಿಗೆ ನನ್ನ ಉತ್ತರ ಇದೊಂದೇ ಹಾಡು.

ಟೂರ್ 2023ರಲ್ಲಿ ಶುರುವಾಯ್ತು, ಒಂದೊಂದು ಊರಲ್ಲಿ ಎರಡೆರಡು ರಾತ್ರಿ, ಒಂದು ರಾತ್ರಿ ನುಡಿಸಿದ ಹಾಡು ಇನ್ನೊಂದು ರಾತ್ರಿ ಇರಲಿಲ್ಲ. ಆಗಿನ ಪಟ್ಟಿಯಲ್ಲಿ ಇಂಡಿಯಾ ಇರಲಿಲ್ಲ. ಹುಡುಕಿದೆ, ಎರಡು ಸಲ.

ಹೊಸಬರು ಹೀಗೆ ಕೇಳಿ: ಮೊದಲು "ಲುಕ್ಸ್ ಎಟರ್ನಾ", ಆಮೇಲೆ ಟೈಟಲ್ ಹಾಡು, "ಶ್ಯಾಡೋಸ್ ಫಾಲೋ", "ಯೂ ಮಸ್ಟ್ ಬರ್ನ್", "ರೂಮ್ ಆಫ್ ಮಿರರ್ಸ್". "ಇನಮೊರಾಟಾ" ರಾತ್ರಿಗೆ ಇಟ್ಕೊಳ್ಳಿ, ಹೆಡ್‌ಫೋನ್ ಹಾಕ್ಕೊಂಡು, ಫೋನ್ ಮಗುಚಿ ಇಟ್ಟು.

ಹಳಬರಿಗೆ ಒಂದು ಕೆಲಸ: ಈ ಆಲ್ಬಂನಿಂದ ಮೂರು ಹಾಡು ತೆಗೀಬೇಕು ಅಂದ್ರೆ ಯಾವುದು ತೆಗೀತೀರಿ? ಕಾಮೆಂಟಲ್ಲಿ ಬರೀರಿ. ಬ್ಲ್ಯಾಕ್ ಆಲ್ಬಂ ಜಗಳ ಇಲ್ಲಿ ಬೇಡ, ಅದಕ್ಕೆ ಬೇರೆ ಪೋಸ್ಟ್ ಬರತ್ತೆ. 🤘

#ಮೆಟಾಲಿಕಾ #72ಸೀಸನ್ಸ್ #ಕನ್ನಡದಲ್ಲಿಮೆಟಲ್